ಹೊಟ್ಟೆಯ ಸುತ್ತಳತೆ ಎಷ್ಟುಂಟು?

ಹಾಸ್ಟೆಲಿನಲ್ಲಿ ಯಾರಾದರೂ ದಪ್ಪ ಆದರೆ ನಾವು ತಮಾಷೆ ಮಾಡುತ್ತೇವೆ. ಊರಿಗೆ ಹೋದರೆ ಅಜ್ಜಿ "ಈಗ ಮೈ ತುಂಬಿದೆ" ಅಂತ ಖುಷಿಪಡುತ್ತಾರೆ. ಬೊಜ್ಜು ಒಳಗೆ ಏನು ಮಾಡುತ್ತದೆ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಮೊದಲು ಲೆಕ್ಕ ನೋಡುವ. ಕಿಲೋದಲ್ಲಿರುವ ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬಿಎಂಐ. ಎತ್ತರ 1.70 ಮೀಟರ್, ತೂಕ 73 ಕಿಲೋ ಇದ್ದರೆ ಸುಮಾರು 25.3. ವಿಶ್ವ ಆರೋಗ್ಯ ಸಂಸ್ಥೆಯ ಸಾಮಾನ್ಯ ಪಟ್ಟಿಯಲ್ಲಿ ಬೊಜ್ಜು ಶುರುವಾಗುವುದು 30ಕ್ಕೆ. ಆದರೆ ಭಾರತೀಯರಿಗೆಂದು ತಜ್ಞರು 2009ರಲ್ಲಿ ಕೊಟ್ಟ ಮಿತಿಯಲ್ಲಿ 23ರಿಂದ ಹೆಚ್ಚು ತೂಕ, 25ರಿಂದ ಬೊಜ್ಜು. ಯಾಕೆಂದರೆ ಅಷ್ಟೇ ಬಿಎಂಐ ಇರುವ ಯುರೋಪಿನವರಿಗಿಂತ ನಮ್ಮಲ್ಲಿ ಕೊಬ್ಬು ಜಾಸ್ತಿ, ಸ್ನಾಯು ಕಡಿಮೆ. ಅದೂ ಹೊಟ್ಟೆಯಲ್ಲೇ ಸೇರುತ್ತದೆ. ಕೈಕಾಲು ಸಪೂರ ಇದ್ದು ಹೊಟ್ಟೆ ಮಾತ್ರ ಮುಂದೆ ಬಂದವರು ನಮ್ಮ ಕ್ಲಾಸಿನಲ್ಲೇ ಇದ್ದಾರಲ್ವಾ?

ಈ ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂತಿರುವುದಿಲ್ಲ. ಅದರಿಂದ ಹೊರಟ ಕೊಬ್ಬಿನಾಮ್ಲ ನೇರ ಲಿವರಿಗೆ ಹೋಗುತ್ತದೆ. ಫ್ಯಾಟಿ ಲಿವರ್ ಆಗುವುದು ಹೀಗೆ. ಇನ್ಸುಲಿನ್ ಹೇಳಿದ ಮಾತನ್ನು ದೇಹ ಕೇಳದಂತಾಗುತ್ತದೆ. ಮೇದೋಜೀರಕ ಗ್ರಂಥಿ ಹೆಚ್ಚೆಚ್ಚು ಇನ್ಸುಲಿನ್ ಸುರಿಸಿ, ಕೊನೆಗೆ ಸೋತಾಗ ಶುಗರ್ ಬರುತ್ತದೆ. ಜೊತೆಗೆ ಬಿಪಿ, ಹೃದಯದ ಕಾಯಿಲೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮೊಣಕಾಲು ನೋವು, ಕೆಲವು ಬಗೆಯ ಕ್ಯಾನ್ಸರ್. ಹುಡುಗಿಯರಲ್ಲಿ ಪಿಸಿಓಡಿ ಇದ್ದರೆ ಅದೂ ಜೋರಾಗುತ್ತದೆ. ಶುರುವಿನಲ್ಲಿ ನೋವಿಲ್ಲ, ಜ್ವರ ಇಲ್ಲ. ಹಾಗಾಗಿ ಹತ್ತೊಂಬತ್ತರಲ್ಲಿ ಶುರುವಾದದ್ದು ಎಷ್ಟೋ ವರ್ಷ ಗೊತ್ತೇ ಆಗುವುದಿಲ್ಲ.

ನಮ್ಮ ದಿನಚರಿಯೂ ಇದಕ್ಕೆ ಅನುಕೂಲವೇ. ಕಾಪುವಿನಿಂದ, ಕಾರ್ಕಳದಿಂದ ಬರುವವರು ಬಸ್ಸಿನಲ್ಲಿ ಕೂತು, ಕ್ಲಾಸಿನಲ್ಲಿ ಕೂತು, ಮತ್ತೆ ಬಸ್ಸಿನಲ್ಲಿ ಕೂರುತ್ತಾರೆ. ಹಾಸ್ಟೆಲಿನವರು ಲ್ಯಾಪ್‌ಟಾಪಿನ ಮುಂದೆ. ಮಧ್ಯೆ ಬನ್ಸ್, ಗೋಳಿಬಜೆ, ಸಿಹಿ ಚಹಾ, ರಾತ್ರಿ ಒಂದು ಗಂಟೆಗೆ ನೂಡಲ್ಸ್.

ಪರೀಕ್ಷೆಗೆ ಟೈಲರ್ ಟೇಪ್ ಸಾಕು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ ಟೇಪ್ ಸುತ್ತಿ, ಉಸಿರು ಬಿಟ್ಟು ಅಳೆಯಬೇಕು. ಹೊಟ್ಟೆ ಒಳಗೆ ಎಳೆದುಕೊಂಡರೆ ಲೆಕ್ಕಕ್ಕಿಲ್ಲ! ಹುಡುಗರಿಗೆ 90 ಸೆಂ.ಮೀ., ಹುಡುಗಿಯರಿಗೆ 80 ಸೆಂ.ಮೀ. ಮಿತಿ. ದಾಟಿದ್ದರೆ ಒಮ್ಮೆ ಡಾಕ್ಟರಿಗೆ ತೋರಿಸಿ ಬಿಪಿ, ಶುಗರ್ ನೋಡಿಸುವುದು ಒಳ್ಳೆಯದು.

ಸಮಾಧಾನದ ವಿಷಯವೂ ಉಂಟು. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತು ಭಾಗ ಇಳಿದರೂ ಬಿಪಿ, ಶುಗರ್ ಸುಧಾರಿಸುತ್ತವೆ. 80 ಕಿಲೋದವರಿಗೆ ಅದು ನಾಲ್ಕೇ ಕಿಲೋದಿಂದ ಶುರು. ಮಣ್ಣಪಳ್ಳದ ಸುತ್ತ ಸಂಜೆ ನಡೆಯಲು ಫೀಸ್ ಕೊಡಬೇಕಾಗಿಲ್ಲ. ದಪ್ಪ ಇರುವ ಗೆಳೆಯನನ್ನು ತಮಾಷೆ ಮಾಡುವ ಬದಲು ಜೊತೆಗೆ ಕರೆದುಕೊಂಡು ಹೋಗುವ.