ಫೋನಿನ ಎರಡನೆಯ ಬೀಗ

ಕೈಫೋನಿಗೆ ಬೀಗವೆಂದೊಡನೆ ನಮ್ಮ ಗೃಹಸ್ಥರಿಗೆ ನೆನಪಾಗುವುದು ಪರದೆಯ ಮೇಲೆ ಒತ್ತುವ ನಾಲ್ಕು ಅಂಕಿ, ಇಲ್ಲವೆ ಬೆರಳಿನ ಗುರುತು. ಇದು ಮಾಲಿಕನು ತಾನಾಗಿ ಹಾಕಿಕೊಂಡ ಬೀಗ. ಬೇಡವೆಂದರೆ ತೆಗೆಯಬಹುದು, ಬೇಕೆಂದರೆ ಬದಲಾಯಿಸಬಹುದು. ಇದಲ್ಲದೆ ಆಂಡ್ರಾಯ್ಡ್ ಫೋನಿನೊಳಗೆ ಮತ್ತೊಂದು ಬೀಗವಿರುವುದು. ಅದನ್ನು ಹಾಕಿದವರು ನಾವಲ್ಲ, ಫೋನನ್ನು ತಯಾರಿಸಿದ ಕಂಪೆನಿಯವರು. ನಾವು ಅಂಗಡಿಯಲ್ಲಿ ಹಣವನ್ನು ಎಣಿಸಿಕೊಟ್ಟು ಪೆಟ್ಟಿಗೆಯನ್ನು ತೆರೆಯುವುದಕ್ಕೆ ಮೊದಲೇ ಅದು ಬಿದ್ದಿರುವುದು. ಅದರ ಹೆಸರು ಬೂಟ್‌ಲೋಡರ್ ಬೀಗ. ಬಹುಮಂದಿ ಆ ಹೆಸರನ್ನೇ ಕೇಳದೆ ಫೋನನ್ನು ಸವೆಸಿ ಬಿಸಾಡುವರು. ಹಿಂದೆ ಇದು ಯಂತ್ರದ ಹುಚ್ಚುಳ್ಳ ಹುಡುಗರ ಮಾತಾಗಿದ್ದಿತು. ಈಗ ಪಿಂಚಣಿ, ವಿದ್ಯುತ್ತಿನ ಬಿಲ್ಲು, ತರಕಾರಿಯವನ ಲೆಕ್ಕ ಎಲ್ಲವೂ ಫೋನಿನ ಮೂಲಕವೇ ನಡೆಯುತ್ತಿರುವ ಕಾರಣ, ಮನೆಯ ಯಜಮಾನನೂ ಯಜಮಾನಿಯೂ ಇದನ್ನು ಸ್ವಲ್ಪ ತಿಳಿದಿರತಕ್ಕದ್ದು.

ಮೊದಲು ಪದದ ಅರ್ಥವನ್ನು ನೋಡೋಣ. ತನ್ನ ಬೂಟಿನ ಪಟ್ಟಿಯನ್ನು ತಾನೇ ಹಿಡಿದೆಳೆದುಕೊಂಡು ಮೇಲೇಳುವುದೆಂಬ ಮಾತೊಂದು ಇಂಗ್ಲಿಷಿನಲ್ಲುಂಟು. ಕಂಪ್ಯೂಟರಿನ ಜನರು ಅದರಿಂದಲೇ 'ಬೂಟ್' ಎಂಬ ಶಬ್ದವನ್ನು ತೆಗೆದುಕೊಂಡರು. ಆರಿಸಿಟ್ಟ ಫೋನು ನಿರ್ಜೀವ ವಸ್ತು. ಅದನ್ನು ನಡೆಸುವ ಆಂಡ್ರಾಯ್ಡ್ ವ್ಯವಸ್ಥೆಯು ಒಳಗಿನ ಸಂಗ್ರಹದಲ್ಲಿ ಮಲಗಿರುವುದು. ಅದನ್ನು ಎತ್ತಿ ತಂದು ಕೂರಿಸುವುದಕ್ಕೆ ಮತ್ತೊಂದು ಸಣ್ಣ ಪ್ರೋಗ್ರಾಂ ಬೇಕು. ಇದೇ ಬೂಟ್‌ಲೋಡರ್. ಹಾಗಾದರೆ ಈ ಬೂಟ್‌ಲೋಡರನ್ನು ಎಬ್ಬಿಸುವವರಾರು? ಅವರನ್ನು ಎಬ್ಬಿಸುವವರಾರು? ನಮ್ಮ ತಾರ್ಕಿಕರು ಇದನ್ನು ಕಂಡಿದ್ದರೆ ಅನವಸ್ಥಾದೋಷವೆಂದು ಕೂಡಲೆ ಬೆರಳು ತೋರಿಸುತ್ತಿದ್ದರು. ಫೋನನ್ನು ಕಟ್ಟಿದವರು ಈ ದೋಷವನ್ನು ಒಂದು ಕಡೆ ನಿಲ್ಲಿಸಿದ್ದಾರೆ. ಮುಖ್ಯ ಚಿಪ್ಪನ್ನು ಕಾರ್ಖಾನೆಯಲ್ಲಿ ಮಾಡುವಾಗಲೇ ಅದರೊಳಗೆ ಅತಿ ಚಿಕ್ಕದೊಂದು ಪ್ರೋಗ್ರಾಮನ್ನು ಅಳಿಸಲಾರದಂತೆ ಅಚ್ಚೊತ್ತಿಬಿಡುವರು. ವಿದ್ಯುತ್ತು ಹರಿದೊಡನೆ ಮೊದಲು ಕಣ್ತೆರೆಯುವುದು ಅದು. ಅದು ಬೂಟ್‌ಲೋಡರನ್ನು ಎಬ್ಬಿಸುವುದು. ಬೂಟ್‌ಲೋಡರು ಆಂಡ್ರಾಯ್ಡನ್ನು ಎಬ್ಬಿಸುವುದು.

ಇಲ್ಲಿ ಎಬ್ಬಿಸುವುದಷ್ಟೇ ಕೆಲಸವಲ್ಲ. ಎಬ್ಬಿಸುವ ಮೊದಲು ಪರೀಕ್ಷಿಸಬೇಕು. ಪ್ರತಿಯೊಂದು ಮೆಟ್ಟಿಲೂ ತನ್ನ ಮುಂದಿನ ಮೆಟ್ಟಿಲಿನ ಮುದ್ರೆಯನ್ನು ನೋಡಿ, ಸರಿಯಿದ್ದರೆ ಮಾತ್ರ ಅಧಿಕಾರವನ್ನು ಒಪ್ಪಿಸುವುದು. ಮುದ್ರೆಯೆಂದರೆ ಅರಗಿನ ಮುದ್ರೆಯಲ್ಲ, ಗಣಿತದ ಮುದ್ರೆ. ಕಂಪೆನಿಯವರು ತಾವು ಬರೆದ ಸಾಫ್ಟ್‌ವೇರಿನ ಸಮಸ್ತ ಅಕ್ಷರಗಳಿಂದಲೂ ಲೆಕ್ಕ ಹಾಕಿ ಒಂದು ಸಂಖ್ಯೆಯನ್ನು ತೆಗೆದು, ಅದನ್ನು ತಮ್ಮಲ್ಲಿ ಗುಟ್ಟಾಗಿರುವ ಮತ್ತೊಂದು ಸಂಖ್ಯೆಯಿಂದ ಮುದ್ರಿಸುವರು. ಗುಟ್ಟಿನ ಸಂಖ್ಯೆಯು ಕಂಪೆನಿಯನ್ನು ಬಿಟ್ಟು ಹೊರಕ್ಕೆ ಬರುವುದಿಲ್ಲ. ಮುದ್ರೆಯನ್ನು ಪರೀಕ್ಷಿಸುವುದಕ್ಕೆ ಬೇಕಾದಷ್ಟು ಮಾತ್ರ ಚಿಪ್ಪಿನಲ್ಲಿರುವುದು. ಸಾಫ್ಟ್‌ವೇರಿನಲ್ಲಿ ಒಂದೇ ಒಂದು ಅಕ್ಷರವನ್ನು ಯಾರಾದರೂ ತಿದ್ದಿದರೆ ಸಂಖ್ಯೆಯು ಹೊಂದುವುದಿಲ್ಲ, ಫೋನು ಏಳುವುದಿಲ್ಲ. ಇಂತಹ ಪರೀಕ್ಷೆಯು ಆಂಡ್ರಾಯ್ಡಿನಲ್ಲಿ ೨೦೧೩ರ ೪.೪ನೆಯ ಆವೃತ್ತಿಯಿಂದ ಮೊದಲಾಯಿತು. ೨೦೧೬ರ ೭ನೆಯ ಆವೃತ್ತಿಯಿಂದ ಅದು ಕಟ್ಟುನಿಟ್ಟಾಯಿತು. ಕೆಟ್ಟ ವ್ಯವಸ್ಥೆಯನ್ನು ಎಬ್ಬಿಸಕೂಡದೆಂಬ ನಿಯಮವು ಆಗ ಬಂದಿತು.

ಆದರೆ ಮುದ್ರೆಯು ಸರಿಯಾಗಿದೆಯೆಂದರೆ ಅದನ್ನೊತ್ತಿದವನು ಸಜ್ಜನನೆಂದು ಅರ್ಥವಲ್ಲ. ವಿಶಾಖದತ್ತನ ಮುದ್ರಾರಾಕ್ಷಸ ನಾಟಕದಲ್ಲಿ ಅಮಾತ್ಯ ರಾಕ್ಷಸನ ಮುದ್ರೆಯುಂಗುರವು ಚಾಣಕ್ಯನ ಕೈಗೆ ಸಿಕ್ಕಿ, ಅದರಿಂದ ಮುದ್ರಿಸಿದ ಕಪಟಲೇಖವು ರಾಕ್ಷಸನ ಪಕ್ಷವನ್ನೇ ಒಡೆಯಿತಷ್ಟೆ. ಲೇಖವನ್ನು ನೋಡಿದವರು ಉಂಗುರವನ್ನು ನಂಬಿದರು, ಉಂಗುರವು ಯಾರ ಕೈಯಲ್ಲಿದ್ದಿತೆಂಬುದನ್ನು ನೋಡಲಿಲ್ಲ. ಫೋನಿನ ಬೀಗವೂ ಇಷ್ಟನ್ನೇ ಬಲ್ಲದು. ಇದು ಕಂಪೆನಿಯ ಉಂಗುರವೇ ಎಂದು ಅದು ಹೇಳಬಲ್ಲದು; ಕಂಪೆನಿಯವರು ಒಳಗೆ ತುಂಬಿದುದೆಲ್ಲ ನಮ್ಮ ಹಿತಕ್ಕೇ ಎಂದು ಹೇಳಲಾರದು.

ಬೀಗ ಹಾಕಿದ ಬೂಟ್‌ಲೋಡರು ಮುದ್ರೆಯಿಲ್ಲದ ಯಾವ ವ್ಯವಸ್ಥೆಯನ್ನೂ ಒಳಗೆ ಬಿಡುವುದಿಲ್ಲ. ಬೀಗ ತೆಗೆದ ಬೂಟ್‌ಲೋಡರು ಮುದ್ರೆಯ ವಿಷಯದಲ್ಲಿ ಹಟ ಹಿಡಿಯುವುದಿಲ್ಲ. ಕಂಪ್ಯೂಟರಿಗೆ ಕೇಬಲ್ ಸಿಕ್ಕಿಸಿ ಯಾವ ವ್ಯವಸ್ಥೆಯನ್ನು ತುಂಬಿದರೂ ಅದನ್ನೇ ಎಬ್ಬಿಸುವುದು. ಈ ಸ್ಥಿತಿಗಳನ್ನು ಮಾಲಿಕನಿಗೆ ತಿಳಿಸಲು ಗೂಗಲಿನವರು ನಾಲ್ಕು ಬಣ್ಣಗಳನ್ನು ಗೊತ್ತುಮಾಡಿದ್ದಾರೆ. ಎಲ್ಲವೂ ಕಂಪೆನಿಯ ಮುದ್ರೆಯಂತೆ ಇದ್ದರೆ ಹಸುರು. ಆಗ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬರುವುದಿಲ್ಲ. ಬೀಗವು ಹಾಕಿದ್ದು, ಮುದ್ರೆಯು ಮಾತ್ರ ಕಂಪೆನಿಯದಲ್ಲದೆ ಮಾಲಿಕನು ತಾನೇ ಸೇರಿಸಿದ್ದಾದರೆ ಹಳದಿ. ಬೀಗ ತೆಗೆದಿದ್ದರೆ ಕಿತ್ತಳೆ. ವ್ಯವಸ್ಥೆಯೇ ಕೆಟ್ಟಿದ್ದರೆ ಕೆಂಪು. ಆಗ ಫೋನು ಮುಂದಕ್ಕೆ ಹೋಗುವುದಿಲ್ಲ.

ಕಳೆದ ವರ್ಷ ನಮ್ಮ ಬೀದಿಯಲ್ಲಿರುವ ವಿಧವೆಯೊಬ್ಬರು ತಮ್ಮ ಫೋನನ್ನು ಹಿಡಿದುಕೊಂಡು ಬಂದರು. ಯಜಮಾನರ ಕುಟುಂಬಪಿಂಚಣಿಯಿಂದ ಸಂಸಾರ ಸಾಗಿಸುವವರು. ಸೆಕೆಂಡ್ ಹ್ಯಾಂಡ್ ಫೋನನ್ನು ಎಲ್ಲಿಯೋ ಕೊಂಡಿದ್ದರು. "ಮೇಷ್ಟ್ರೇ, ಇದನ್ನು ಆನ್ ಮಾಡಿದಾಗೆಲ್ಲ ಏನೋ ಇಂಗ್ಲಿಷಿನಲ್ಲಿ ಬರೆದು ಹೆದರಿಸುತ್ತೆ. ಬ್ಯಾಂಕಿನ ಆ್ಯಪ್ ತೆರೆಯೋದೇ ಇಲ್ಲ. ಮಾರಿದೋರನ್ನ ಕೇಳಿದ್ರೆ ಅಪ್ಡೇಟ್ ಆದ್ರೆ ಸರಿಹೋಗುತ್ತೆ ಅಂತಾರೆ" ಎಂದರು. ಬರಹವು ಕಿತ್ತಳೆಯದು. ಫೋನಿನ ರಿಪೇರಿ ಅಂಗಡಿಯನ್ನಿಟ್ಟಿರುವ ನನ್ನ ಹಳೆಯ ಶಿಷ್ಯನೊಬ್ಬನಿದ್ದಾನೆ, ಅವನಿಗೆ ತೋರಿಸಿದೆವು. "ಅಮ್ಮಾ, ಇದರ ಬೂಟ್‌ಲೋಡರ್ ಯಾರೋ ಅನ್‌ಲಾಕ್ ಮಾಡಿ ಬೇರೆ ಸಿಸ್ಟಮ್ ಹಾಕಿದ್ದಾರೆ. ಯಾವ ಅಪ್ಡೇಟಿಗೂ ಇದು ಸರಿಹೋಗಲ್ಲ" ಎಂದನು. ಆಕೆ ಕೇಳಿದ ಪ್ರಶ್ನೆಯು ನನಗೆ ಇನ್ನೂ ನೆನಪಿದೆ: "ಹಾಗಾದ್ರೆ ಒಳಗೆ ಯಾರಾದ್ರೂ ಕೂತು ನಾನು ಒತ್ತೋ ನಂಬರ್ ನೋಡ್ತಿದ್ದಾರಾ?" ನೋಡುತ್ತಿದ್ದಾರೆಂದಾಗಲಿ ಇಲ್ಲವೆಂದಾಗಲಿ ಅವನು ಹೇಳಲಿಲ್ಲ. ಹೇಳುವುದಕ್ಕೆ ಆಧಾರವೇ ಇಲ್ಲವೆಂದನು. ಬೀಗ ತೆಗೆದ ಫೋನಿನ ತೊಂದರೆಯೆಲ್ಲ ಆ ಮಾತಿನಲ್ಲಿಯೇ ಅಡಗಿದೆ. ಹಿಂದಿನ ಮಾಲಿಕನು ಸಾಧುವಾಗಿದ್ದು ಒಳ್ಳೆಯ ವ್ಯವಸ್ಥೆಯನ್ನೇ ಹಾಕಿರಬಹುದು. ಒತ್ತಿದ ಅಂಕಿಗಳನ್ನೆಲ್ಲ ಬೇರೆಲ್ಲಿಗೋ ಕಳುಹಿಸುವ ವ್ಯವಸ್ಥೆಯನ್ನೂ ಹಾಕಿರಬಹುದು. ಸರಪಣಿಯು ಕಡಿದುಹೋದ ಮೇಲೆ ಎರಡನ್ನೂ ಬೇರ್ಪಡಿಸಿ ತೋರಿಸುವ ಪ್ರಮಾಣವು ಗೃಹಸ್ಥರ ಕೈಯಲ್ಲಿ ಉಳಿಯುವುದಿಲ್ಲ. ಶಿಷ್ಯನು ಆಕೆಯ ಚಿತ್ರಗಳನ್ನು ಬೇರೆ ಕಡೆ ಇಳಿಸಿಕೊಂಡು, ಕಂಪೆನಿಯ ಮೂಲವ್ಯವಸ್ಥೆಯನ್ನು ಮತ್ತೆ ತುಂಬಿ, ಬೀಗ ಹಾಕಿಕೊಟ್ಟನು. ಅದರ ಮೇಲೆ ಬ್ಯಾಂಕಿನ ಆ್ಯಪ್ ತೆರೆಯಿತು.

ಬ್ಯಾಂಕಿನ ಆ್ಯಪ್‌ಗೆ ಈ ಸಂಗತಿಯು ತಿಳಿಯುವ ಬಗೆಯೂ ಕುತೂಹಲಕರವಾದುದು. ಬೀಗವು ಹಾಕಿದೆಯೆ, ತೆಗೆದಿದೆಯೆ ಎಂಬುದನ್ನು ಕುರಿತು ಫೋನಿನ ಭದ್ರಕೋಶವು ತಾನೇ ಮುದ್ರೆಯೊತ್ತಿದ ಸಾಕ್ಷಿಪತ್ರವನ್ನು ಕೊಡಬಲ್ಲದು. ಗೂಗಲಿನ 'ಪ್ಲೇ ಇಂಟೆಗ್ರಿಟಿ' ಎಂಬ ಏರ್ಪಾಟಿನ ಮೂಲಕ ಆ್ಯಪ್‌ನವರು ಫೋನಿನ ಯೋಗ್ಯತೆಯನ್ನು ವಿಚಾರಿಸಿಕೊಳ್ಳುವರು. ಉತ್ತರವು ಸಮಾಧಾನಕರವಲ್ಲದಿದ್ದರೆ ಕೆಲವು ಆ್ಯಪ್‌ಗಳು ಬಾಗಿಲನ್ನು ಮುಚ್ಚಿಕೊಳ್ಳುವುವು.

ಬೀಗವನ್ನು ತೆಗೆದರೆ ಫೋನಿನಲ್ಲಿರುವ ಚಿತ್ರ, ಪತ್ರ, ಲೆಕ್ಕ ಎಲ್ಲವೂ ಅಳಿಸಿಹೋಗುವುವು. ಇದು ಯಂತ್ರದ ಕ್ರೌರ್ಯವೆಂದು ಕೆಲವರು ಬೈಯುವುದುಂಟು. ಹಾಗಲ್ಲ, ಬೇಕೆಂದೇ ಇಟ್ಟ ನಿಯಮವಿದು. ಬಸ್ಸಿನಲ್ಲಿ ಫೋನನ್ನು ಕದ್ದವನೊಬ್ಬನಿದ್ದಾನೆಂದು ಭಾವಿಸೋಣ. ಪರದೆಯ ಬೀಗದ ಅಂಕಿಗಳು ಅವನಿಗೆ ತಿಳಿಯವು. ಅಳಿಸದೆಯೇ ಒಳಬೀಗವನ್ನು ತೆಗೆಯಬಹುದಾಗಿದ್ದರೆ, ಅವನು ತನ್ನದೇ ಆದ ವ್ಯವಸ್ಥೆಯನ್ನು ತುಂಬಿ, ಅದರ ಮೂಲಕ ನಮ್ಮ ಸಂಗ್ರಹಕ್ಕೆ ಕೈಹಾಕುವ ದಾರಿಯನ್ನು ಹುಡುಕುತ್ತಿದ್ದನು. ಅಳಿಸುವ ನಿಯಮವಿರುವುದರಿಂದ ಅವನಿಗೆ ಖಾಲಿ ಫೋನು ಸಿಕ್ಕೀತೇ ಹೊರತು ನಮ್ಮ ಮನೆಯ ವಿಷಯಗಳು ಸಿಕ್ಕವು. ಇಷ್ಟೇ ಅಲ್ಲದೆ, ಬೀಗವನ್ನು ತೆಗೆಯಬೇಕಾದರೆ ಸಾಮಾನ್ಯವಾಗಿ ಮೊದಲು ಫೋನಿನೊಳಗೆ ಹೋಗಿ 'ಓಇಎಂ ಅನ್‌ಲಾಕಿಂಗ್' ಎಂಬ ಅನುಮತಿಯನ್ನು ಕೊಡಬೇಕು. ಆ ಗುಂಡಿಯೂ ಸುಲಭವಾಗಿ ಕಾಣುವುದಿಲ್ಲ; ಸೆಟ್ಟಿಂಗ್ಸಿನಲ್ಲಿ 'ಬಿಲ್ಡ್ ನಂಬರ್' ಎಂಬುದನ್ನು ಏಳು ಸಲ ಒತ್ತಿದರೆ ಹೊರಬರುವ ಪಟ್ಟಿಯಲ್ಲಿ ಅದು ಅಡಗಿರುವುದು. ಏಳೇ ಏಕೆಂದು ನನ್ನನ್ನು ಕೇಳಬಾರದು. ಮಂತ್ರದಂತೆ ಸಂಖ್ಯೆ ತಪ್ಪದೆ ಒತ್ತಬೇಕು, ಅಷ್ಟೆ.

ಇಷ್ಟು ಭದ್ರವಾದ ಬೀಗವನ್ನು ತೆಗೆಯಬೇಕೆಂದು ಬಯಸುವವರೆಲ್ಲ ದುಷ್ಟರೇ? ಖಂಡಿತವಾಗಿಯೂ ಅಲ್ಲ. ಫೋನಿನ ದೇಹವು ಗಟ್ಟಿಯಾಗಿದ್ದರೂ ಕಂಪೆನಿಯವರು ಕೆಲವು ವರ್ಷಗಳಾದ ಮೇಲೆ ಹೊಸ ಆವೃತ್ತಿಯನ್ನೂ ಭದ್ರತೆಯ ತಿದ್ದುಪಡಿಗಳನ್ನೂ ಕಳುಹಿಸುವುದನ್ನು ನಿಲ್ಲಿಸಿಬಿಡುವರು. ೨೦೨೩ರಲ್ಲಿ ಗೂಗಲಿನವರು ಪಿಕ್ಸೆಲ್ ೮ ಫೋನಿಗೂ, ೨೦೨೪ರಲ್ಲಿ ಸ್ಯಾಮ್ಸಂಗಿನವರು ಗ್ಯಾಲಕ್ಸಿ ಎಸ್೨೪ ಫೋನಿಗೂ ಏಳು ವರ್ಷಗಳ ಮಾತು ಕೊಟ್ಟರು. ಅವು ಬೆಲೆಯುಳ್ಳ ಫೋನುಗಳು; ಕಡಮೆ ಬೆಲೆಯ ಎಷ್ಟೋ ಫೋನುಗಳ ಆಯುಸ್ಸು ಇದಕ್ಕಿಂತ ಬಹಳ ಅಲ್ಪ. ಹೀಗೆ ಕೈಬಿಟ್ಟ ಫೋನುಗಳಿಗೆ ಹೊಸ ಆಂಡ್ರಾಯ್ಡನ್ನು ಹೊಂದಿಸಿಕೊಡುವ ಸ್ವಯಂಸೇವಕರಿದ್ದಾರೆ. ಅವರ ಸಯನೋಜೆನ್‌ಮಾಡ್ ಎಂಬ ವ್ಯವಸ್ಥೆಯು ೨೦೧೬ರ ಕೊನೆಯಲ್ಲಿ ನಿಂತಿತು. ಅದರ ಸಂತತಿಯಾದ ಲಿನಿಯೇಜ್ಓಎಸ್ ಇಂದಿಗೂ ನಡೆಯುತ್ತಿದೆ. ಕಂಪೆನಿಯು ಸತ್ತಿತೆಂದ ಫೋನು ಇದರಿಂದ ಇನ್ನೂ ಕೆಲವು ವರ್ಷ ಬಾಳುವುದುಂಟು. ಆದರೆ ಅದನ್ನು ತುಂಬಬೇಕಾದರೆ ಬೀಗವನ್ನು ತೆಗೆಯಲೇಬೇಕು.

ತೆಗೆಯುವ ಹಕ್ಕು ಯಾರದು? ನಮ್ಮ ಹಣದಿಂದ ಮನೆ ಕಟ್ಟಿಸಿದ ಮೇಲೆ ಒಂದು ಕೋಣೆಯ ಬೀಗದ ಕೈಯನ್ನು ಮೇಸ್ತ್ರಿಯು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಹೋದರೆ ನಾವು ಸುಮ್ಮನಿರುವೆವೆ? ೨೦೧೦ರಲ್ಲಿ ಗೂಗಲಿನವರು ನೆಕ್ಸಸ್ ಒನ್ ಎಂಬ ಫೋನನ್ನು ಮಾರಿದಾಗ ಕೈಯನ್ನು ಮಾಲಿಕನಿಗೇ ಕೊಟ್ಟಿದ್ದರು; ತೆಗೆದರೆ ವಾರಂಟಿಯು ಹೋಗುವುದೆಂದು ಮಾತ್ರ ಎಚ್ಚರಿಸಿದರು. ೨೦೧೧ರಲ್ಲಿ ಎಚ್‌ಟಿಸಿ ಕಂಪೆನಿಯವರು ಗ್ರಾಹಕರ ಗಲಾಟೆಗೆ ಮಣಿದು ಬೀಗ ತೆಗೆಯುವ ಸಾಧನವನ್ನು ಒದಗಿಸಿದರು. ಆಮೇಲೆ ಗಾಳಿಯು ತಿರುಗಿತು. ನಮ್ಮ ದೇಶದಲ್ಲಿ ಬಹುವಾಗಿ ಮಾರಾಟವಾಗುವ ಶಿಯೋಮಿ ಕಂಪೆನಿಯವರು ೨೦೧೬ರಿಂದ ಬೀಗವನ್ನು ಬಿಗಿಮಾಡಿದರು. ಮಧ್ಯದ ವ್ಯಾಪಾರಿಗಳು ಪೆಟ್ಟಿಗೆಯನ್ನು ಒಡೆದು ಕೆಟ್ಟ ಸಾಫ್ಟ್‌ವೇರನ್ನು ತುಂಬಿ ಮಾರುತ್ತಿರುವರೆಂಬುದು ಅವರು ಕೊಟ್ಟ ಕಾರಣ. ಅದು ಸುಳ್ಳಲ್ಲ. ಅವರ ಫೋನಿನ ಬೀಗವನ್ನು ತೆಗೆಯಬೇಕಾದರೆ ಅರ್ಜಿ ಹಾಕಿ ಕಾಯಬೇಕಾಯಿತು. ಎಷ್ಟೋ ಫೋನುಗಳಿಗೆ ೧೬೮ ಗಂಟೆ, ಎಂದರೆ ಪೂರ್ತಿ ಒಂದು ವಾರ. ೨೦೧೮ರಲ್ಲಿ ಹುವಾವೇ ಕಂಪೆನಿಯವರು ಬೀಗ ತೆಗೆಯುವ ಸಂಕೇತಗಳನ್ನು ಕೊಡುವುದನ್ನೇ ನಿಲ್ಲಿಸಿದರು. ನನ್ನ ಅಭಿಪ್ರಾಯವನ್ನು ಕೇಳುವುದಾದರೆ, ಬೀಗವಿರುವುದು ನ್ಯಾಯ, ಕಾಯಿಸುವುದೂ ಸಹ್ಯ. ತಾವು ತಿದ್ದುಪಡಿಯನ್ನು ಕಳುಹಿಸುವುದನ್ನು ನಿಲ್ಲಿಸಿದ ಮೇಲೂ ಕೈಯನ್ನು ಕೊಡದಿರುವುದು ಮಾತ್ರ ನ್ಯಾಯವಲ್ಲ.

ಬೀಗವಿದೆಯೆಂದು ನಿಶ್ಚಿಂತೆಯಾಗಿರುವುದೂ ಸಲ್ಲದು. ಮದುವೆಯ ಆಮಂತ್ರಣವೆಂದು ವಾಟ್ಸಾಪಿನಲ್ಲಿ ಬರುವ 'ಎಪಿಕೆ' ಕಡತವನ್ನು ನಾವೇ ಒತ್ತಿ, ಕೇಳಿದ ಅನುಮತಿಗಳನ್ನೆಲ್ಲ ನಾವೇ ಕೊಟ್ಟರೆ ಬೂಟ್‌ಲೋಡರ್ ಬೀಗವು ಅದನ್ನು ತಡೆಯುವುದಿಲ್ಲ. ಅದು ಕಾಯುವುದು ವ್ಯವಸ್ಥೆಯ ಬುಡವನ್ನು. ಅತಿಥಿಯಾಗಿ ಕರೆದು ಕೂರಿಸಿಕೊಂಡ ಕಳ್ಳನನ್ನಲ್ಲ. ಹಾಗೆಯೇ, ಒಂದೇ ಕಂಪೆನಿಯ ಸಿಮ್ ಮಾತ್ರ ನಡೆಯುವಂತೆ ಮಾಡುವ ಸಿಮ್ ಲಾಕ್ ಎಂಬುದು ಬೇರೆ. ಫೋನನ್ನು ಅಳಿಸಿದ ಮೇಲೆ ಹಿಂದಿನ ಗೂಗಲ್ ಖಾತೆಯನ್ನು ಕೇಳುವ, ೨೦೧೫ರ ೫.೧ನೆಯ ಆವೃತ್ತಿಯಿಂದ ಬಂದ ಕಾವಲೂ ಬೇರೆ. ಅಂಗಡಿಯಲ್ಲಿ 'ಅನ್‌ಲಾಕ್ಡ್' ಎಂದರೆ ಇವುಗಳಲ್ಲಿ ಯಾವುದೆಂದು ಬಿಡಿಸಿ ಕೇಳಬೇಕು.

ಹಳೆಯ ಫೋನನ್ನು ಕೊಳ್ಳುವವರು ಅದನ್ನು ಅಂಗಡಿಯಲ್ಲಿಯೇ ಪೂರ್ತಿಯಾಗಿ ಆರಿಸಿ ಹೊತ್ತಿಸಿ ನೋಡಬೇಕು. ಬೀಗ ತೆಗೆದ ಫೋನು ಕಂಪೆನಿಯ ಹೆಸರನ್ನು ತೋರಿಸುವ ಸಮಯದಲ್ಲಿ ಎಚ್ಚರಿಕೆಯ ಬರಹವನ್ನಾಗಲಿ ತೆರೆದ ಬೀಗದ ಚಿತ್ರವನ್ನಾಗಲಿ ತೋರಿಸುವುದು. ಅದು ಕೆಲವು ಕ್ಷಣ ಮಾತ್ರ ನಿಲ್ಲುವುದರಿಂದ ಆ ಹೊತ್ತಿನಲ್ಲಿ ಮಾರುವವನ ಮಾತಿಗೆ ಕಿವಿಗೊಡದೆ ಪರದೆಯನ್ನೇ ನೋಡುತ್ತಿರಬೇಕು.

ಮನೆಯ ಹುಡುಗರು ಹಳೆಯ ಫೋನಿನ ಬೀಗವನ್ನು ತೆಗೆದು ಪ್ರಯೋಗ ಮಾಡುವೆವೆಂದರೆ ನಾನು ಬೇಡವೆನ್ನಲಾರೆ. ವಿದ್ಯೆಯು ಹೀಗೆಯೇ ಬರುವುದು. ಹಣದ ವ್ಯವಹಾರವಿರುವ ಫೋನಿನಲ್ಲಿ ಮಾತ್ರ ಬೇಡ. ಅವರಿಗೆ ಮುಖ್ಯವಾಗಿ ತಿಳಿಸತಕ್ಕ ಸಂಗತಿಯೊಂದುಂಟು. ಅನ್ಯ ವ್ಯವಸ್ಥೆಯು ಒಳಗಿರುವಾಗಲೇ ಆತುರದಿಂದ ಬೀಗವನ್ನು ಮತ್ತೆ ಹಾಕಿದರೆ, ಬೂಟ್‌ಲೋಡರು ಕಂಪೆನಿಯ ಮುದ್ರೆಯನ್ನು ಹುಡುಕಿ, ಕಾಣದೆ, ಫೋನನ್ನು ಏಳಿಸದೆ ಕಲ್ಲಾಗಿಸಬಹುದು. ಮೊದಲು ಮೂಲವ್ಯವಸ್ಥೆಯನ್ನು ಪೂರ್ತಿಯಾಗಿ ತುಂಬಿ, ಆಮೇಲೆ ಬೀಗ. ಬೀಗ ಹಾಕುವಾಗಲೂ ಒಳಗಿನದೆಲ್ಲ ಸಾಮಾನ್ಯವಾಗಿ ಅಳಿಸಿಹೋಗುವುದು. ಗೂಗಲಿನ ಪಿಕ್ಸೆಲ್ ಮೊದಲಾದ ಕೆಲವು ಫೋನುಗಳಲ್ಲಿ ಅನ್ಯ ವ್ಯವಸ್ಥೆಯ ಮುದ್ರೆಯನ್ನು ಸೇರಿಸಿ ಅದರ ಮೇಲೆಯೇ ಬೀಗ ಹಾಕುವ ಅನುಕೂಲವುಂಟು. ಗ್ರಾಫೀನ್ಓಎಸ್ ಎಂಬುದನ್ನು ಹಾಗೆಯೇ ಕೂರಿಸುವರು, ಆಗ ಬರುವುದೇ ಹಳದಿಯ ಬರಹ. ಸ್ಯಾಮ್ಸಂಗ್ ಕಂಪೆನಿಯ ಅನೇಕ ಫೋನುಗಳ ಕ್ರಮವೇ ಬೇರೆ. ಅವುಗಳ ಚಿಪ್ಪಿನಲ್ಲಿ ಅತಿ ಸೂಕ್ಷ್ಮವಾದ ಫ್ಯೂಸ್ ಒಂದಿರುವುದು. ಅನ್ಯ ವ್ಯವಸ್ಥೆಯನ್ನು ಒಮ್ಮೆ ತುಂಬಿದರೆ ಅದು ಸುಟ್ಟುಹೋಗುವುದು. ಆಮೇಲೆ ಮೂಲವನ್ನೇ ತಂದು ತುಂಬಿದರೂ 'ಸೆಕ್ಯೂರ್ ಫೋಲ್ಡರ್' ಮೊದಲಾದುವು ಆ ಫೋನಿನಲ್ಲಿ ಮತ್ತೆ ನಡೆಯುವುದಿಲ್ಲ.