ದೇಹದ ಕಾವಲುಗಾರರೂ ಕೀಲುನೋವಿನ ಗುಳಿಗೆಯೂ

ಕಳೆದ ವರುಷ ನಮ್ಮ ಪೂರ್ವ ವಿದ್ಯಾರ್ಥಿನಿಯೊಬ್ಬಳು ಗರುಡಾಚಾರ್‌ಪಾಳ್ಯದಲ್ಲಿ ನನ್ನನ್ನು ನೋಡಲು ಬಂದಾಗ ಅವಳ ಬೆರಳುಗಳ ಕೀಲುಗಳು ಊದಿಕೊಂಡಿದ್ದುದನ್ನು ಕಂಡೆನು. ಬೆಳಗಿನ ಹೊತ್ತು ಸೀರೆಗೆ ಪಿನ್ನು ಹಾಕಿಕೊಳ್ಳಲಾರೆನೆಂದಳು. ವೈದ್ಯರಲ್ಲಿಗೆ ಹೋಗದೆ, ನೆರೆಯವರು ಹೇಳಿದ ಗುಳಿಗೆಯನ್ನು ಅಂಗಡಿಯಿಂದ ತರಿಸಿ ಆರು ತಿಂಗಳಿಂದ ನುಂಗುತ್ತಿದ್ದಳು. ಅದು ಸ್ಟಿರಾಯ್ಡ್ ಆಗಿತ್ತು. ಈ ಅಭ್ಯಾಸವು ಬಹುಮಂದಿಯಲ್ಲಿರುವದರಿಂದ, ಉರಿಯೂತವೆಂದರೇನೆಂಬದನ್ನು ತಾಯಂದಿರಿಗೂ ನಮ್ಮ ಹಳೆಯ ಹುಡುಗಿಯರಿಗೂ ತಿಳಿಸುವದು ಯುಕ್ತವೆಂದು ತೋರಿತು.

ಕಾಲಿಗೆ ಮುಳ್ಳು ಚುಚ್ಚಿದರೆ ಆ ಸ್ಥಳವು ಕೆಂಪಾಗಿ, ಬಿಸಿಯಾಗಿ, ಊದಿ ನೋಯುವದಷ್ಟೆ. 1882ರಲ್ಲಿ ಮೆಚ್ನಿಕಾಫ್ ಎಂಬ ರಷ್ಯಾ ದೇಶದ ಪಂಡಿತನು ಸಿಸಿಲಿಯ ಮೆಸ್ಸೀನಾ ಪಟ್ಟಣದಲ್ಲಿ ನಕ್ಷತ್ರಮೀನಿನ ಪಾರದರ್ಶಕವಾದ ಮರಿಗೆ ಗುಲಾಬಿಯ ಮುಳ್ಳನ್ನು ಚುಚ್ಚಿಟ್ಟನು. ಮರುದಿನ ನೋಡಲು, ಚಲಿಸುವ ಜೀವಕಣಗಳು ಮುಳ್ಳನ್ನು ಮುತ್ತಿಕೊಂಡಿದ್ದವು. ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಕೆಲವು ಹೀಗೆಯೇ ಕ್ರಿಮಿಗಳನ್ನು ಸುತ್ತುವರಿದು ನುಂಗುತ್ತವೆ. 1908ರಲ್ಲಿ ಮೆಚ್ನಿಕಾಫನಿಗೂ ಎರ್ಲಿಕ್ ಎಂಬವನಿಗೂ ನೊಬೆಲ್ ಬಹುಮಾನವು ಕೊಡಲ್ಪಟ್ಟಿತು.

ಕೆಲಸ ತೀರಿದ ಮೇಲೆ ಈ ಕಾವಲುಗಾರರು ಶಾಂತರಾಗಬೇಕು. ಕೆಲವರಲ್ಲಿ ಹಾಗಾಗದೆ, ಅವರು ಸ್ವಂತ ಕೀಲುಗಳ ಮೇಲೆಯೇ ಬೀಳುತ್ತಾರೆ. ಇದೇ ರುಮಟಾಯ್ಡ್ ಸಂಧಿವಾತ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಾಲು ಹೆಚ್ಚು. ಕಣಗಳು ಒಂದನ್ನೊಂದು ಕರೆಯಲು ಹೊರಡಿಸುವ ಟಿ. ಎನ್. ಎಫ್. ಎಂಬ ದ್ರವ್ಯವನ್ನು ಔಷಧದಿಂದ ತಡೆದರೆ ಊತವು ತಗ್ಗುವದೆಂದು ಸಂಶೋಧಕರು ಕಂಡುಕೊಂಡರು.

ಆದರೆ ಅದೇ ದ್ರವ್ಯಕ್ಕೆ ಬೇರೊಂದು ಕೆಲಸವುಂಟು. ನಮ್ಮ ದೇಶದಲ್ಲಿ ಅನೇಕರ ಶ್ವಾಸಕೋಶದಲ್ಲಿ ಕ್ಷಯದ ಕ್ರಿಮಿಯು ಅಡಗಿರುತ್ತದೆ. ಜೀವಕಣಗಳು ಅದರ ಸುತ್ತ ಗೋಡೆಯಂತೆ ನಿಂತು ಅದನ್ನು ಸೆರೆಯಲ್ಲಿಡುತ್ತವೆ. ಗೋಡೆಯನ್ನು ಗಟ್ಟಿಯಾಗಿಡುವದಕ್ಕೆ ಟಿ. ಎನ್. ಎಫ್. ಬೇಕು. ಇನ್‌ಫ್ಲಿಕ್ಸಿಮ್ಯಾಬ್ ಎಂಬ ಅಂಥ ಔಷಧವನ್ನು ಪಡೆದವರಲ್ಲಿ 70 ಮಂದಿಗೆ ಕ್ಷಯ ತಲೆದೋರಿದ ವರದಿಯು 2001ರಲ್ಲಿ ಪ್ರಕಟವಾಯಿತು. ಆದಕಾರಣ ಈಗ ವೈದ್ಯರು ಮೊದಲು ಕ್ಷಯದ ಪರೀಕ್ಷೆ ಮಾಡಿಸಿಯೇ ಅದನ್ನು ಕೊಡುತ್ತಾರೆ. ಬಹುಕಾಲ ನುಂಗಿದ ಸ್ಟಿರಾಯ್ಡ್ ಗುಳಿಗೆಯೂ ಈ ಕಾವಲನ್ನು ಸಡಿಲಿಸಬಲ್ಲದು. ಮೈಸೂರಿನ ಅರಸು ಮನೆತನದ ಕೃಷ್ಣಾಜಮ್ಮಣ್ಣಿಯವರನ್ನು ಬಲಿತೆಗೆದುಕೊಂಡದ್ದು ಕ್ಷಯವೇ. ಅವರ ಹೆಸರಿನ ಆಸ್ಪತ್ರೆಯು ಮೈಸೂರಿನಲ್ಲಿ ಇದೆ.

ಆ ಹುಡುಗಿಯನ್ನು ವೈದ್ಯರಲ್ಲಿಗೆ ಕಳುಹಿಸಿದೆನು. ಸ್ಟಿರಾಯ್ಡನ್ನು ಒಮ್ಮೆಲೇ ಬಿಡುವದೂ ಅಪಾಯವಾದ್ದರಿಂದ ಅವರು ಕ್ರಮವಾಗಿ ಇಳಿಸಿ, ತಕ್ಕ ಔಷಧವನ್ನು ಕೊಟ್ಟರು. ಈಗ ಅವಳು ಪಿನ್ನನ್ನು ತಾನೇ ಹಾಕಿಕೊಳ್ಳುತ್ತಾಳೆ. ಪ್ರಿಯ ಓದುಗರೇ, ಬೆಳಗಿನ ಬಿಗಿತವೂ ಕೀಲುಗಳ ಊತವೂ ಆರು ವಾರ ನಿಂತರೆ ಅಂಗಡಿಯನ್ನು ಬಿಟ್ಟು ವೈದ್ಯರನ್ನು ಕಾಣಿರಿ.