ಊರಿನ ನಕ್ಷೆಯಲ್ಲಿ ನುಡಿಯ ಪಾಠ

ಯಾದಗಿರಿ ಜಿಲ್ಲೆಯ ವಡಗೇರಾ ಸೀಮೆಯು ಕೃಷ್ಣಾ ಮತ್ತು ಭೀಮಾ ನದಿಗಳು ಒಂದನ್ನೊಂದು ಸಮೀಪಿಸುವ ನೆಲವಾಗಿರುವುದರಿಂದ, ಎಳೆಯ ಮಕ್ಕಳಿಗೆ ದಿಕ್ಕಿನ ಅರಿವು ಮೂಡಿಸಲು ಬೇಕಾದ ಎರಡು ದೊಡ್ಡ ಗೆರೆಗಳು ಅಲ್ಲಿ ಸಿದ್ಧವಾಗಿಯೇ ಇವೆ. ನಕ್ಷೆಯೆಂದರೆ ನೆಲವನ್ನು ಹಕ್ಕಿಯಂತೆ ಮೇಲಿನಿಂದ ಕಂಡು, ಕಿರಿದಾಗಿಸಿ, ಸಂಕೇತಗಳಿಂದ, ಅಂದರೆ ವಸ್ತುವಿನ ಬದಲಿಗೆ ನಿಲ್ಲುವ ಗುರುತುಗಳಿಂದ, ತೋರಿಸುವ ಚಿತ್ರ.

ಮನೋವಿಜ್ಞಾನಿ ಜೀನ್ ಪಿಯಾಜೆಯ ಪ್ರಕಾರ ಮಗುವಿಗೆ ಅಳತೆಯ ದೂರಕ್ಕಿಂತ ಮೊದಲು ಒಳಗೆ, ಹೊರಗೆ, ಪಕ್ಕ ಎಂಬ ಸಂಬಂಧಗಳು ತಿಳಿಯುವುದರಿಂದ, ಸೀಮೆಸುಣ್ಣದಲ್ಲಿ ತರಗತಿಯನ್ನೂ ಆಮೇಲೆ ಓಣಿಯನ್ನೂ ಹೆಜ್ಜೆಯಲ್ಲಿ ಅಳೆದು ಬರೆಯುವುದು ಸರಿಯಾದ ಕ್ರಮ. ಆಗ ಅಗಸಿ, ಹಳ್ಳ, ದಿಬ್ಬ, ಬಂಡಿದಾರಿಯಂಥ ನಾಮಪದಗಳ ಜೊತೆಗೆ ಆಚೆ, ಈಚೆ, ನಡುವೆ, ಎದುರು ಎಂಬ ಸಂಬಂಧಸೂಚಕ ಪದಗಳೂ ಬಳಕೆಗೆ ಬರುತ್ತವೆ. ಇವುಗಳಲ್ಲಿ 'ಎದುರು' ನಿಜಕ್ಕೂ ಕಷ್ಟದ ಪದ, ಏಕೆಂದರೆ ನೋಡುವವರು ತಿರುಗಿ ನಿಂತರೆ ಅದರ ಅರ್ಥವೂ ತಿರುಗುತ್ತದೆ. ಮೂಡಣ, ಪಡುವಣ, ಬಡಗಣ, ತೆಂಕಣಗಳು ಹಾಗೆ ತಿರುಗುವುದಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ರಾಜ್ಯಕ್ಕೆ ಹಬ್ಬಿದ ನಲಿ-ಕಲಿ ಪದ್ಧತಿಯು ಮಾಡಿ ಕಲಿಯುವುದಕ್ಕೆ ಒತ್ತು ಕೊಡುವುದರಿಂದ ಇಂಥ ಚಟುವಟಿಕೆ ಅದಕ್ಕೆ ಸಹಜವಾಗಿ ಒಗ್ಗುತ್ತದೆ. ಗೋಡೆಗೆ ತೂಗುಹಾಕಿದ ನಕ್ಷೆ ಉತ್ತರವೆಂದರೆ 'ಮೇಲೆ' ಎಂಬ ತಪ್ಪು ತಿಳಿವಳಿಕೆಯನ್ನು ಬೆಳೆಸಬಹುದಾದ್ದರಿಂದ, ಶಿಕ್ಷಕರು ಮೊದಲ ನಕ್ಷೆಯನ್ನು ನೆಲದ ಮೇಲೆಯೇ, ನಿಜವಾದ ದಿಕ್ಕುಗಳಿಗೆ ಹೊಂದಿಸಿ ಹಾಸಬೇಕು.